ಅಡ್ಡಬಿದ್ದ ಜಾಲಿ, ಕೆಮ್ಮುವ ಮಷಿನ್

ಮಷಿನ್ ಚಾಲೂ ಆಗುತ್ತಿತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೇ. ಚಾಲೂ ಆಗದೇ ಇದ್ದಿದ್ದರೆ ಬೆಳಿಗ್ಗೆ ಎಂಟಕ್ಕೇ ಕೈಬಿಟ್ಟು ಬೇರೆ ದಾರಿ ನೋಡುತ್ತಿದ್ದೆ. ಹಗ್ಗ ಎಳೆದರೆ ಗುರ್ ಅಂತ ಏಳುತ್ತಿತ್ತು. ನಾಲ್ಕು ಉಸಿರು ಓಡುತ್ತಿತ್ತು. ರೇಸ್ ಕೊಟ್ಟೆನೋ, ಹುಕ್ಕಾ ಸೇದಿದ ಮುದುಕನ ಹಾಗೆ ಕೆಮ್ಮಿ ನಿಂತುಬಿಡುತ್ತಿತ್ತು.

ಮೊನ್ನೆ ನೀವು ಅಟ್ಟದ ಮೇಲಿನ ಗೋಣಿಚೀಲ ಬಿಚ್ಚಿ, ಈ ಚೈನ್ ಸಾ ಯಾರದು ಅಜ್ಜಿ ಎಂದು ಕೇಳಿದಿರಿ. ನಿಮ್ಮ ಅಜ್ಜನದು ಅಂದು ಒಳಗೆ ಹೋದೆ. ಇದನ್ನು ನೀ ಓಡಿಸಿದ್ದಿಯಾ ಎಂದು ಕೇಳಿದಾಗ ಹೂಂ ಅಂದೆ, ಅಷ್ಟೇ. ನಾಲ್ಕು ಜನ ಎದುರಿಗೆ ಕೂತರೆ ನನ್ನ ಬಾಯಿ ಕಟ್ಟುತ್ತದೆ, ಅವರು ಮೊಮ್ಮಕ್ಕಳಾದರೂ. ಏಳನೆಯ ಇಯತ್ತೆಯ ತನಕ ಊರ ಶಾಲೆಯಲ್ಲಿ ಕಲಿತಿದ್ದೇನೆ, ಬರೆಯುವುದಾದರೆ ಬರೆದೇನು. ಓದಿಕೊಳ್ಳಿ.

ತೊಂಬತ್ತರ ದಶಕ ಅರ್ಧ ದಾಟಿತ್ತು. ನಿಮ್ಮ ಅಜ್ಜ ಹೋಗಿ ಒಂದೂವರೆ ವರ್ಷವಾಗಿತ್ತು. ನಿಮ್ಮ ಅವ್ವ ಚಿಕ್ಕೋಡಿಯಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದು ಶಾಲೆ ಕಲಿಯುತ್ತಿದ್ದಳು. ಐನಾಪುರದಿಂದ ಎರಡು ಮೈಲಿ ಆಚೆಗಿನ ನಮ್ಮ ತೋಟದ ಮನೆಯಲ್ಲಿ ನಾನು ಮತ್ತು ನಮ್ಮ ಅತ್ತೆ, ಇಬ್ಬರೇ. ಪಕ್ಕದ ಹೊಲ ನನ್ನ ಮೈದುನನದು. ಅವನ ಮನೆ ಊರಲ್ಲಿತ್ತು.

ನಿಮ್ಮ ಅಜ್ಜ ಆ ಮಷಿನನ್ನು ಮಿರಜಿನ ಒಂದು ಕಟ್ಟಿಗೆ ಅಡ್ಡೆಯಲ್ಲಿ ಹಳೆಯದು ತಂದಿದ್ದರು. ಆಗ ಈ ಭಾಗದಲ್ಲಿ ಅಂಥದ್ದು ಯಾರ ಹತ್ತಿರವೂ ಇರಲಿಲ್ಲ. ಜನ ಅದಕ್ಕೆ ಗರಗಸದ ಮಷಿನ್ ಅನ್ನುತ್ತಿದ್ದರು. ಅವರು ಅದನ್ನು ಬಿಚ್ಚಿ ಜೋಡಿಸುವಾಗ ಪಾನಾ ಕೊಡು, ಪ್ಲಗ್ ಹಿಡಿ, ಎಣ್ಣೆ ತಾ ಎಂದು ಹೇಳುತ್ತಿದ್ದರು, ನಾನು ಕೊಡುತ್ತಿದ್ದೆ. ಎರಡು ಸಲ ನನ್ನ ಕೈಯಿಂದಲೇ ಒಣ ಟೊಂಗೆ ಕೊಯ್ಯಿಸಿದ್ದರು. ನನ್ನ ವಿದ್ಯೆ ಅಷ್ಟು.

ಆ ವರ್ಷ ನಮ್ಮ ಕಬ್ಬು ಹೂವಾಡಿ ನಿಂತಿತ್ತು. ಹೂ ಬಂದ ಕಬ್ಬನ್ನು ಬಿಟ್ಟಷ್ಟು ದಿನ ಅದು ಒಳಗೊಳಗೇ ಬೆಂಡಾಗುತ್ತದೆ. ಕಬ್ಬು ಕಡಿಯುವ ಗ್ಯಾಂಗ್ ಮಷಿನ್ ಕೆಮ್ಮಿದ ಆ ದಿನದ ಮರುದಿನ ಬೆಳಿಗ್ಗೆ ನಮ್ಮ ಹೊಲಕ್ಕೆ ಬರುವುದಿತ್ತು. ಆ ಪಾಳಿಗಾಗಿ ಒಂದೂವರೆ ತಿಂಗಳು ಕಾದಿದ್ದೆವು. ಗ್ಯಾಂಗಿನ ಮುಕಾದಮ ಮೊದಲೇ ಹೇಳಿ ಹೋಗಿದ್ದ: ಗಾಡಿ ಹೋಗುವ ಹಾದಿ ತೆರವಿರಬೇಕು, ಇಲ್ಲದಿದ್ದರೆ ನಾವು ಮುಂದಿನ ಹೊಲಕ್ಕೆ ಹೋಗುತ್ತೇವೆ, ನಿಮ್ಮದು ಎಲ್ಲರದೂ ಮುಗಿದ ಮೇಲೆ.

ಮಷಿನ್ ಕೆಮ್ಮಿದ ದಿನದ ಹಿಂದಿನ ಸಂಜೆ ಗಾಳಿ ಎದ್ದು ನಾಲ್ಕು ಹನಿ ಉದುರಿಸಿ ಹೋಯಿತು. ಬೆಳಿಗ್ಗೆ ನೋಡಿದರೆ ಹಾದಿಯ ಬದಿಯಲ್ಲಿ ಎಷ್ಟೋ ವರ್ಷದಿಂದ ಒಣಗಿ ನಿಂತಿದ್ದ ಹಳೆಯ ಜಾಲಿಮರ ಹಾದಿಗೆ ಅಡ್ಡಲಾಗಿ ಮಲಗಿತ್ತು. ಬೊಡ್ಡೆ ಒಬ್ಬರ ತೆಕ್ಕೆಗೆ ಸಿಗುವಂಥದ್ದಲ್ಲ. ಒಂದು ಕಡೆ ಮೈದುನನ ಒಡ್ಡು, ಇನ್ನೊಂದು ಕಡೆ ಆಳದ ನೀರಿನ ಕಾಲುವೆ. ಸುತ್ತಿ ಹೋಗಲು ಜಾಗವಿರಲಿಲ್ಲ. ಊರಲ್ಲಿ ಕೊಡಲಿ ಹಿಡಿಯುವ ಗಂಡಾಳುಗಳೆಲ್ಲ ಕಬ್ಬಿನ ಕೆಲಸಕ್ಕೆ ಹೋಗಿದ್ದರು. ಒಬ್ಬ ಸಿಕ್ಕವನು ಮೂರು ದಿನ ಬಿಟ್ಟು ಬರುತ್ತೇನೆ ಅಂದ.

ನಾನು ಅಟ್ಟ ಹತ್ತಿ ಗೋಣಿಚೀಲ ಇಳಿಸಿದೆ.

ಊರ ಕಿರಾಣಿ ಅಂಗಡಿಯಿಂದ ಎರಡು ಬಾಟಲಿ ಪೆಟ್ರೋಲ್ ತಂದೆ. ತಳದಲ್ಲಿ ಕರಿ ಕಸ ತೇಲುತ್ತಿತ್ತು. ನಿಮ್ಮ ಅಜ್ಜ ಯಾವಾಗಲೂ ಸೋಸಿಯೇ ಹಾಕುತ್ತಿದ್ದರು. ಅವರ ಹತ್ತಿರ ಜಾಳಿಗೆಯ ಲಾಳಿಕೆಯೊಂದಿತ್ತು, ಅದು ಎಲ್ಲಿ ಹೋಯಿತೋ ಸಿಗಲಿಲ್ಲ. ನೀರಿನೊಳಗಿನ ಸಣ್ಣ ಜೀವ ಉಳಿಯಲೆಂದು ಸೋಸಿಯೇ ಬಳಸುವ ನಮ್ಮ ಜೈನರ ಮನೆಯಲ್ಲಿ ಸೋಸುವ ಅರಿವೆಗೇನು ಬರ. ಕುಡಿಯುವ ನೀರಿಗೆ ಒಂದು, ಬಚ್ಚಲ ನೀರಿಗೆ ಇನ್ನೊಂದು, ಎರಡೂ ದಪ್ಪ ಬಟ್ಟೆಯ ಎರಡು ಮಡಿಕೆಯವು. ಬಚ್ಚಲಿನದನ್ನು ತೆಗೆದುಕೊಂಡು, ಆಯಿಲ್ ಕಲಸಿದ ಪೆಟ್ರೋಲನ್ನು ಸೋಸಿ ಟಾಕಿಗೆ ಹಾಕಿದೆ. ಕಸವೆಲ್ಲ ಅರಿವೆಯಲ್ಲಿ ಉಳಿಯಿತು. ಅರಿವೆಯನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಬೇಲಿಗೆ ಹಾಕಿದೆ. ಅಚ್ಚುಕಟ್ಟಾಗಿ ಮಾಡಿದೆ ಎಂದು ನನಗೇ ಸಮಾಧಾನವಾಗಿತ್ತು.

ನಮ್ಮ ಅತ್ತೆ ಅಷ್ಟರಲ್ಲಿ ಕೋಲು ಹಿಡಿದುಕೊಂಡು ಬಂದು ಮರದ ಬದಿಗೆ ಕುಕ್ಕರಗಾಲಲ್ಲಿ ಕೂತಿದ್ದರು. ಹಸಿ ಮರಕ್ಕೆ ಕೈ ಹಚ್ಚಬಾರದು ಎಂಬುದು ಅವರ ಕಟ್ಟಳೆ. ಬಿದ್ದದ್ದಕ್ಕೆ ಅಡ್ಡಿಯಿಲ್ಲ, ಆದರೆ ಅದರಲ್ಲೂ ಜೀವ ನೋಡಬೇಕು. ಬೊಡ್ಡೆಯ ಪೊಟರೆಯಲ್ಲಿ ಕೆಂಪಿರುವೆ ಸಾಲು ಹೋಗುತ್ತಿತ್ತು. ಅತ್ತೆ ಸೆರಗಿನ ಗಂಟಿನಿಂದ ಬೆಲ್ಲದ ಚೂರು ತೆಗೆದು, ಒಡ್ಡಿನ ಮೇಲೆ ಅಲ್ಲಲ್ಲಿ ಇಟ್ಟು, ಆ ಇರುವೆಗಳನ್ನು ಆಚೆ ಕರೆಯುತ್ತಿದ್ದರು.

"ಅತ್ತಿ, ಹೊತ್ತ ಏರಾಕತ್ತೈತ್ರಿ," ಅಂದೆ.

"ಏರಲಿ. ನಿನ್ನ ಕಬ್ಬಿಗೆ ನಾಳಿ ತನಕ ಹೊತ್ತೈತಿ, ಇವಕ್ಕ ಈಗ ಒಂದ ತಾಸ ಐತಿ. ಸುಮ್ಮ ನಿಂದ್ರ."

ಅರ್ಧ ತಾಸು ನಿಂತೆ. ಆಮೇಲೆ ನೆರಿಗೆ ಎತ್ತಿ ಕಟ್ಟಿ, ಮಷಿನನ್ನು ನೆಲಕ್ಕೆ ಊರಿ, ಬಲಗಾಲು ಹಿಡಿಕೆಯೊಳಗೆ ಇಟ್ಟು ಹಗ್ಗ ಎಳೆದೆ. ಹತ್ತನೆಯ ಎಳೆತಕ್ಕೆ ಎದ್ದಿತು. ನನ್ನ ಎದೆಯೂ ಎದ್ದಿತು. ರೇಸ್ ಕೊಟ್ಟೆ. ಕೆಮ್ಮಿತು. ನಿಂತಿತು.

"ಚಾಲೂ ಆತಲ್ಲ?" ಅತ್ತೆ ಕೇಳಿದರು.

"ಆತ್ರಿ."

"ಮತ್ಯಾಕ ಬಂದ್ ಮಾಡಿದಿ?"

"ನಾ ಮಾಡಿಲ್ರಿ. ಅದ ಆತು."

ಐದು ಸಲ ಹಾಗೇ ಆಯಿತು. ಆರನೆಯ ಸಲ ನಾನು ಕೂತು ಯೋಚನೆ ಮಾಡಿದೆ. ಮಷಿನ್ ಹೀಗೆ ಕೆಮ್ಮುವಾಗ ನಿಮ್ಮ ಅಜ್ಜ ಏನು ಮಾಡುತ್ತಿದ್ದರು? ಕಾರ್ಬೊರೇಟರ್ ಪಕ್ಕದ ಸಣ್ಣ ಸ್ಕ್ರೂಗಳನ್ನು ಇಷ್ಟಿಷ್ಟೇ ತಿರುಗಿಸಿ, ತಲೆ ವಾರೆ ಮಾಡಿ ಸಪ್ಪಳ ಕೇಳುತ್ತಿದ್ದರು. ಅದು ನನ್ನ ಕಣ್ಣಿಗೆ ಕಟ್ಟಿತ್ತು. ಅದಕ್ಕೂ ಮೊದಲು ಅವರು ಏನೇನು ನೋಡಿರುತ್ತಿದ್ದರು ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಗ ನಾನು ಎಣ್ಣೆ ತರಲೋ, ಚಹಾ ಕಾಸಲೋ ಹೋಗಿರುತ್ತಿದ್ದೆ.

ಸ್ಕ್ರೂ ಎರಡಿದ್ದವು. ಒಂದರ ಪಕ್ಕ ಇಂಗ್ಲಿಷಿನ ಎಲ್, ಇನ್ನೊಂದರ ಪಕ್ಕ ಎಚ್. ಮೊದಲು ಎಚ್ ಇದ್ದದ್ದನ್ನು ಕಾಲು ಸುತ್ತು ಬಲಕ್ಕೆ ತಿರುಗಿಸಿದೆ. ಅದು ಮೊದಲು ಎಲ್ಲಿತ್ತು ಎಂದು ಗೆರೆ ಕೊರೆದುಕೊಳ್ಳಲಿಲ್ಲ. ಈಗಲೂ ಅದನ್ನು ನೆನೆದರೆ ಹಲ್ಲು ಕಚ್ಚುತ್ತೇನೆ. ಒಂದು ಸುಣ್ಣದ ಗೆರೆ ಸಾಕಿತ್ತು.

ಹಗ್ಗ ಎಳೆದೆ. ಎದ್ದಿತು. ರೇಸ್ ಕೊಟ್ಟೆ, ಓಡಿತು! ನಿಜವಾಗಿ ಓಡಿತು. ಇಪ್ಪತ್ತು ಎಣಿಸುವಷ್ಟು ಹೊತ್ತು ಚೈನು ತಿರುಗಿತು. ಬಂಗಾರದಂಥ ಕೈ ನನ್ನದು ಎಂದುಕೊಂಡು ಬೊಡ್ಡೆಗೆ ಇಟ್ಟೆ. ಹಳದಿ ಹೊಟ್ಟು ಹಾರಿತು. ನಾಲ್ಕು ಬೆರಳು ಒಳಗೆ ಹೋದ ಮೇಲೆ ಮತ್ತೆ ಕೆಮ್ಮು. ಚೈನು ಸುತ್ತುವ ಪಟ್ಟಿ ಮರದಲ್ಲಿ ಹಲ್ಲು ಕಚ್ಚಿಕೊಂಡು ನಿಂತುಬಿಟ್ಟಿತು. ಬೆಣೆ ಹೊಡೆದು ಅದನ್ನು ಬಿಡಿಸಿಕೊಳ್ಳಲು ಮುಕ್ಕಾಲು ತಾಸು ಹೋಯಿತು.

ಮಷಿನ್ ಆ ಇಪ್ಪತ್ತು ಎಣಿಕೆ ಓಡಿದ್ದೇ ನನ್ನನ್ನು ಕೆಡಿಸಿತು. ಸ್ಕ್ರೂ ತಿರುಗಿಸಿದ್ದರಿಂದಲೇ ಓಡಿತು ಎಂದು ನಂಬಿದೆ. ಆದ್ದರಿಂದ ಇನ್ನಷ್ಟು ತಿರುಗಿಸಿದೆ. ಕೆಟ್ಟಿತು. ಹಿಂದಕ್ಕೆ ತಿರುಗಿಸಿದೆ. ಇನ್ನೂ ಕೆಟ್ಟಿತು. ಎಲ್ ಇದ್ದದ್ದನ್ನು ಮುಟ್ಟಿದೆ. ಈಗ ಚಾಲೂ ಆಗುವುದೂ ಕಷ್ಟವಾಯಿತು. ಟಾಕಿಯಲ್ಲಿ ಪೆಟ್ರೋಲ್ ಕಡಿಮೆಯಾಗಿದೆಯೇನೋ ಎಂದು ಮತ್ತೆ ಸೋಸಿ ತುಂಬಿದೆ, ಅರಿವೆಯನ್ನು ಮತ್ತೆ ಅದ್ದಿ ಹಿಂಡಿ ಹಾಕಿದೆ. ಪ್ಲಗ್ ಬಿಚ್ಚಿದೆ, ತೊಯ್ದಿತ್ತು. ಒಲೆಯ ಕೆಂಡದ ಮೇಲೆ ಹಿಡಿದು ಒಣಗಿಸಿದೆ. ಗಾಳಿ ಎಳೆದುಕೊಳ್ಳುವ ಜಾಳಿಗೆಯನ್ನು ಬಡಿದು ಧೂಳು ಉದುರಿಸಿದೆ. ಎದ್ದಿತು, ಓಡಿತು, ಕೆಮ್ಮಿತು, ನಿಂತಿತು. ನಾನು ಮತ್ತೆ ಸ್ಕ್ರೂಗೆ ಹೋದೆ.

"ಅದರ ಕಿವಿ ಹಿಂಡೂದ ಸಾಕ ಮಾಡಬೇ," ಅತ್ತೆ ಅಂದರು. "ಕಿವಿ ಹಿಂಡಿದರ ಬಾಯಿ ಬಿಡಾಕ ಅದೇನ ಸಾಲಿ ಹುಡುಗೇನ?"

"ಹಂಗಾರ ನೀವ ಹೇಳ್ರಿ ಏನ ಮಾಡ್ಲಿ?"

ಹಾಗೆ ಅತ್ತೆಗೆ ಎದುರು ಮಾತಾಡಿದವಳಲ್ಲ ನಾನು. ಅತ್ತೆ ಇರುವೆಗಳ ಕಡೆ ತಿರುಗಿದರು, ನಾನು ಮಷಿನ್ ಕಡೆ.

ಹತ್ತೂವರೆ ಹನ್ನೊಂದಕ್ಕೆ ಮೈದುನ ಮೋಟಾರ್ ಸೈಕಲ್ ಮೇಲೆ ಬಂದ. ಮರದ ಆಚೆ ಗಾಡಿ ನಿಲ್ಲಿಸಿ, ಬೊಡ್ಡೆ ಹತ್ತಿ ದಾಟಿ ಬಂದು, ನಾನು ಕೊಯ್ದ ನಾಲ್ಕು ಬೆರಳಿನ ಗಾಯ ನೋಡಿದ.

"ವೈನಿ, ಇಲಿ ಕಡದಂಗ ಐತಲ್ರಿ ಇದು."

ನಾನು ಸೆರಗು ಎಳೆದುಕೊಂಡೆ.

"ಹೆಣ್ಣಮಕ್ಕಳ ಕೆಲಸ ಅಲ್ರಿ ಇದು. ನಾ ಮುಕಾದಮಗ ಹೇಳಿ ಬರ್ತೀನಿ. ನಾಳಿ ನನ್ನ ಹೊಲಕ್ಕ ಬರಲಿ, ನಿಮ್ಮದ ಆಮ್ಯಾಲ ನೋಡೂಣ."

"ಆಮ್ಯಾಲ ಅಂದರ ಯಾವಾಗಲೇ?" ಅತ್ತೆ ಕೇಳಿದರು. "ಕಬ್ಬ ಒಣಗಿ ಕಸಬರಗಿ ಆದಮ್ಯಾಲೇನ?"

"ನಾ ಏನ ಮಾಡ್ಲಿ ಯವ್ವಾ, ಮರ ನಾ ಕೆಡವೀನೇನ?"

"ಮರ ನೀ ಕೆಡವಿಲ್ಲ. ಪಾಳಿ ಕೆಡವಾಕ ಬಂದೀ."

ಅವನಿಗೆ ಅದು ಚುಚ್ಚಿತು. ಕೆಟ್ಟವನಲ್ಲ ಅವನು. ಅವನ ಕಬ್ಬೂ ಹೂವಾಡಿತ್ತು, ಅವನ ಪಾಳಿ ನಮ್ಮ ನಂತರ ಎಂಟು ದಿನಕ್ಕೆ ಇತ್ತು. ಅಂಗಿಯ ತೋಳು ಮೇಲೇರಿಸಿ, ಕೊಡ್ರಿ ಇಲ್ಲಿ ಎಂದು ಮಷಿನ್ ತೆಗೆದುಕೊಂಡ. ಹಗ್ಗವನ್ನು ಬಾವಿಯಿಂದ ಕೊಡ ಎಳೆದ ಹಾಗೆ ಎಳೆದ. ಹದಿನೈದು ಸಲ ಎಳೆದ ಮೇಲೆ ಭುಜ ಹಿಡಿದುಕೊಂಡು ಕೂತ. ಆಮೇಲೆ ನನ್ನ ಸ್ಕ್ರೂ ಡ್ರೈವರ್ ಇಸಿದುಕೊಂಡು, ಲೂಸಾಗಿದೆ ಅನ್ನುತ್ತ ಎರಡೂ ಸ್ಕ್ರೂಗಳನ್ನು ಸಿಕ್ಕಾಪಟ್ಟೆ ಬಿಗಿದ. ಒಂದನ್ನು ಮತ್ತೆ ಬಿಚ್ಚಿದ. ನಾನು ಬೇಡ ಅನ್ನಬೇಕೆಂದು ಬಾಯಿ ತೆರೆದೆ. ದನಿ ಹೊರಗೆ ಬರುವಷ್ಟರಲ್ಲಿ ಅವನ ಕೆಲಸ ಮುಗಿದಿತ್ತು. ಈಗ ಮಷಿನ್ ಸತ್ತ ಹಾಗೆ ಬಿದ್ದಿತ್ತು. ನಾನು ಕೆಡಿಸಿದ್ದೆಷ್ಟು, ಅವನು ಕೆಡಿಸಿದ್ದೆಷ್ಟು, ಮೊದಲೇ ಕೆಟ್ಟಿದ್ದೆಷ್ಟು, ಯಾರಿಗೂ ತಿಳಿಯದ ಹಾಗಾಯಿತು.

"ಇದರ ಆಟ ಮುಗೀತ್ರಿ ವೈನಿ. ನಾ ಹೊಕ್ಕೀನಿ ಮುಕಾದಮನ ಹತ್ರ."

"ಸಂಜೀ ತನಕ ಹೇಳಬ್ಯಾಡ್ರಿ," ಅಂದೆ.

ನನ್ನ ದನಿ ಕೇಳಿ ಅವನಿಗೆ ಆಶ್ಚರ್ಯವಾಯಿತೇನೋ. ಒಂದು ಗಳಿಗೆ ನೋಡಿದ. "ಹೊತ್ತ ಮುಳಗೂತನಕ ತಡೀತೀನಿ. ಅದರ ಮ್ಯಾಲ ನನ್ನ ಬಯ್ಯಬ್ಯಾಡ್ರಿ," ಅಂದು ಹೋದ.

ಐನಾಪುರದಲ್ಲಿ ಒಬ್ಬ ಮುಸಲ್ಮಾನ ಮಿಸ್ತ್ರಿ ಇದ್ದರು. ದ್ರಾಕ್ಷಿ ತೋಟದವರ ಔಷಧ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುತ್ತಿದ್ದರು. ಬೆಳಿಗ್ಗೆಯೇ ಅವರ ಹತ್ತಿರ ಹೋಗಬೇಕಿತ್ತು, ನನಗೆ ಗೊತ್ತಿತ್ತು. ಹೋಗಲಿಲ್ಲ, ಯಾಕೆಂದರೆ ಅಲ್ಲಿ ಯಾವಾಗಲೂ ಐದಾರು ಗಂಡಸರು ಬೀಡಿ ಸೇದುತ್ತ ಕೂತಿರುತ್ತಿದ್ದರು. ಅವರ ನಡುವೆ ಹೋಗಿ ನನ್ನ ಮಷಿನ್ ಕೆಟ್ಟಿದೆ ಅನ್ನುವುದಕ್ಕಿಂತ ಸ್ಕ್ರೂ ತಿರುಗಿಸುವುದು ನನಗೆ ಸುಲಭವಾಗಿ ಕಂಡಿತ್ತು. ಇಡೀ ಬೆಳಗು ಹೋದದ್ದು ಆ ನಾಚಿಕೆಯಿಂದಲೇ. ಮಷಿನನ್ನು ಬೈದು ಏನು ಬಂತು.

ಉಳಿದ ಪೆಟ್ರೋಲ್ ಬಾಟಲಿಯನ್ನೂ ಮಷಿನನ್ನೂ ಗೋಣಿಚೀಲದಲ್ಲಿ ಹಾಕಿ ತಲೆಯ ಮೇಲೆ ಹೊತ್ತು ನಡೆದೆ. ಬಿಸಿಲು ನೆತ್ತಿಗೆ ಬಂದಿತ್ತು. ಪೆಟ್ರೋಲ್ ತೊಟ್ಟಿಕ್ಕಿ ಸೆರಗು ತೊಯ್ದು, ದಾರಿಯುದ್ದಕ್ಕೂ ಆ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅಂಗಡಿ ಮುಟ್ಟಿದಾಗ ಎಣಿಸಿದಂತೆಯೇ ಗಂಡಸರು ಕೂತಿದ್ದರು. ನಾನು ಚೀಲ ಇಳಿಸಿ ಗೋಡೆಯ ಬದಿಗೆ ನಿಂತೆ. ಒಬ್ಬರ ಪಂಪ್ ಆಯಿತು. ಇನ್ನೊಬ್ಬರದು ಆಯಿತು. ನನ್ನ ನಂತರ ಬಂದವರದೂ ಆಯಿತು. ಬಿಸಿಲು ಪಡುವಣಕ್ಕೆ ವಾಲುತ್ತಿತ್ತು. ಕಡೆಗೆ ಮಿಸ್ತ್ರಿ ಕೈ ಒರೆಸಿಕೊಳ್ಳಲು ಹೊರಗೆ ಬಂದವರು ನನ್ನನ್ನು ಕಂಡರು.

"ಅಕ್ಕಾರ, ಯಾರನ್ನ ಕಾಯಾಕತ್ತೀರಿ?"

"ನಿಮ್ಮನ್ನ."

"ಹಂಗಾರ ಕೂಗಬಾರದೇನ್ರಿ? ನಾ ಗ್ವಾಡಿ ಹಿಂದ ಹೆಂಗ ನೋಡ್ಲಿ?"

ಕೂತವರು ನಕ್ಕರು. ಮಿಸ್ತ್ರಿ ಚೀಲ ಬಿಚ್ಚಿ ಮಷಿನ್ ಹೊರಗೆ ತೆಗೆದರು. ನಾನು ಏನಾಯಿತೆಂದು ಹೇಳಿದೆ. ಸ್ಕ್ರೂ ತಿರುಗಿಸಿದೆ ಎಂದಾಗ ಅವರು ಕಣ್ಣು ಮುಚ್ಚಿಕೊಂಡರು.

"ಎಷ್ಟ ತಿರಿವೀರಿ?"

"ಗೊತ್ತಿಲ್ರಿ. ಮೈದುನಾರೂ ತಿರಿವ್ಯಾರ."

"ಇಡೀ ಮನಿತನ ಕೈ ಹಚ್ಚೈತಿ ಅನ್ರಿ. ಅತ್ತಿ ಏನೂ ತಿರಿವಿಲ್ಲೇನ್ರಿ?"

ಮತ್ತೆ ನಗು. ಅವರು ಸ್ಕ್ರೂ ಮುಟ್ಟಲಿಲ್ಲ. ಟಾಕಿಯ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಬಸಿದು, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ನನಗೆ ತೋರಿಸಿದರು. ಬಾಟಲಿಯ ತಳದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ದೊಡ್ಡ ಹನಿಗಳು ಒಂದರ ಪಕ್ಕ ಒಂದು ಉರುಳುತ್ತಿದ್ದವು.

"ನೀರು," ಅಂದರು. "ನಿನ್ನಿ ಮಳ್ಯಾಗ ಇಟ್ಟಿದ್ರೇನು?"

"ಇಲ್ರಿ. ಅಟ್ಟದ ಮ್ಯಾಲ ಇತ್ತು."

"ಅಂಗಡ್ಯಾಂವ ನೀರ ಬೆರಸ್ಯಾನ." ನಾನು ತಂದಿದ್ದ ಬಾಟಲಿಯನ್ನೂ ಬೆಳಕಿಗೆ ಹಿಡಿದರು. ಅದರಲ್ಲಿ ಕಸವಿತ್ತು, ಒಂದು ಹನಿ ನೀರಿರಲಿಲ್ಲ. "ಇದರಾಗ ಇಲ್ಲ. ಹಂಗಾರ ಟಾಕ್ಯಾಗ ಎಲ್ಲಿಂದ ಬಂತು?"

"ನನಗೇನ ಗೊತ್ರಿ. ನಾ ಸೋಸಿ ಹಾಕೀನಿ," ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಬೆಳಗಿನಿಂದ ನಾನು ಸರಿಯಾಗಿ ಮಾಡಿದ್ದು ಅದೊಂದೇ ಎಂದು ನನಗೆ ಖಾತ್ರಿಯಿತ್ತು.

"ಯಾದರಾಗ ಸೋಸೀರಿ?"

"ಅರಬ್ಯಾಗ."

"ಎಂಥಾ ಅರಬಿ?"

"ನೀರ ಸೋಸೂದು."

ಮಿಸ್ತ್ರಿ ಬಾಟಲಿ ಕೆಳಗಿಟ್ಟರು. "ಒಣಾದಿತ್ತೇನ್ರಿ ಅದು?"

ನಸುಕಿನಲ್ಲಿ ಅತ್ತೆ ಅದರಲ್ಲೇ ಬಚ್ಚಲ ನೀರು ಸೋಸಿದ್ದರು. ನಾನು ಹಿಂಡಿ ತೆಗೆದುಕೊಂಡಿದ್ದೆ. ಹಿಂಡಿದರೆ ಒಣಗಿತು ಎಂದೇ ನಮ್ಮ ಲೆಕ್ಕ. ಸಾಲದ್ದಕ್ಕೆ ಪ್ರತಿ ಸಲ ಸೋಸಿದ ಮೇಲೂ ಅದನ್ನು ಮತ್ತೆ ನೀರಿಗೆ ಅದ್ದಿ ಹಿಂಡಿದ್ದೆ. ಸೋಸಿದ ಅರಿವೆಯನ್ನು ಹಾಗೇ ಬಿಡಬಾರದು, ತೊಳೆದಿಡಬೇಕು. ಮದುವೆಯಾಗಿ ಬಂದ ದಿನದಿಂದ ಕೈಗೆ ಅಂಟಿದ ರೂಢಿ. ಮಷಿನ್ ನಿಂತಂತೆಲ್ಲ ಅನುಮಾನ ಬಂದು ಇನ್ನಷ್ಟು ಪೆಟ್ರೋಲ್ ಸೋಸಿ ಹಾಕಿದ್ದೆ, ಹಾಕಿದ ಪ್ರತಿ ಸಲವೂ ಇನ್ನಷ್ಟು ನೀರು ಕೂಡಿಸಿದ್ದೆ.

ಮಿಸ್ತ್ರಿಗೆ ನಮ್ಮ ಮನೆತನಗಳ ರೀತಿ ಗೊತ್ತಿತ್ತು. ಅವರ ಮುಖ ನಗೆ ತಡೆದು ಕೆಂಪಾಯಿತು.

"ಅಕ್ಕಾರ, ನೀರ ಸೋಸೂದ ಒಪ್ಪತೀನ್ರಿ. ಪೆಟ್ರೋಲ್‌ನಾಗ ಯಾ ಜೀವ ಬದಕತೈತಿ ಅಂತ ಸೋಸಿದ್ರಿ?"

ಕೂತವರು ಬಿದ್ದು ಬಿದ್ದು ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಳುವೂ ಬಂತು, ಸಿಟ್ಟೂ ಬಂತು. ಬೆಳಗಿನಿಂದ ಆ ಎರಡು ಸ್ಕ್ರೂಗಳ ಜೊತೆ ಗುದ್ದಾಡಿದ್ದೆ, ಅವುಗಳ ತಪ್ಪು ಏನೂ ಇರಲಿಲ್ಲ. ಇಲ್ಲದ ಕಾಯಿಲೆಗೆ ಔಷಧ ಕೊಟ್ಟು ಹೊಸ ಕಾಯಿಲೆ ತಂದಿದ್ದೆ. ನೀರು ತೆಗೆದರೂ ಈಗ ಸ್ಕ್ರೂ ಸರಿಯಾದ ಜಾಗದಲ್ಲಿಲ್ಲ.

"ಸಂಜೀ ಒಳಗ ಮರ ಕೊಯ್ಬೇಕ್ರಿ. ನಾಳಿ ಗ್ಯಾಂಗ್ ಬರತೈತಿ," ಅಂದೆ.

ನಗು ನಿಂತಿತು. ಅಲ್ಲಿ ಕೂತವರೆಲ್ಲ ಕಬ್ಬಿನವರೇ. ಗ್ಯಾಂಗಿನ ಪಾಳಿ ತಪ್ಪುವುದೆಂದರೆ ಏನೆಂದು ಯಾರೂ ಅವರಿಗೆ ಹೇಳಬೇಕಿರಲಿಲ್ಲ. ಬಾಗಿಲ ಹತ್ತಿರ ಕೂತಿದ್ದವನೊಬ್ಬ ತನ್ನ ಪಂಪನ್ನು ತಾನೇ ಬದಿಗೆ ಸರಿಸಿ, "ಮೊದಲ ಇವರದ ನೋಡ್ರಿ ಮಿಸ್ತ್ರಿ," ಅಂದ.

ಮಿಸ್ತ್ರಿ ಟಾಕಿಯನ್ನು ಪೂರ್ತಿ ಬಸಿದು ಬಿಸಿಲಿಗೆ ಬಾಯಿ ಮಾಡಿ ಇಟ್ಟರು. ಕಾರ್ಬೊರೇಟರ್ ಬಿಚ್ಚಿ, ಒಳಗಿನ ಉಗುರಿನಷ್ಟು ಸಣ್ಣ ಜಾಳಿಗೆಯನ್ನು ತೆಗೆದು ತೋರಿಸಿದರು. ಅದರಲ್ಲಿ ನೀರಿನ ಹನಿಯ ಜೊತೆಗೆ ನಮ್ಮ ಅರಿವೆಯ ನೂಲಿನ ಎಳೆಗಳೂ ಕೂತಿದ್ದವು. ಊದಿ, ಪೆಟ್ರೋಲಿನಲ್ಲಿ ತೊಳೆದು, ಜೋಡಿಸಿ, ನಾನು ತಂದಿದ್ದ ಬಾಟಲಿಯ ಪೆಟ್ರೋಲನ್ನು ತಮ್ಮ ಒಣ ಜಾಳಿಗೆಯಲ್ಲಿ ಸೋಸಿ, ಆಯಿಲ್ ಕಲಸಿ ಟಾಕಿಗೆ ಹಾಕಿದರು. ಆಮೇಲೆ ಸ್ಕ್ರೂ ಡ್ರೈವರನ್ನು ನನ್ನ ಕೈಗೆ ಕೊಟ್ಟರು.

"ನೀವ ತಿರಿವ್ರಿ."

"ನಾ ಒಲ್ಲೆ."

"ಹೊಲದಾಗ ಮತ್ತ ಬಿಗಡಾಯಿಸಿದರ ನಾ ಬರಾಕ ಆಗೂದಿಲ್ರಿ. ತಿರಿವ್ರಿ. ಎರಡೂ ಒಳಗ ಹೋಗೂ ತನಕ, ಮೆಲ್ಲಗ. ಮುಟ್ಟಿತು ಅಂದರ ನಿಂದ್ರಸ್ರಿ, ಬಿಗೀಬ್ಯಾಡ್ರಿ. ಈಗ ಹೊರಗ ಒಂದ ಸುತ್ತ. ಒಂದ ಅಂದರ ಒಂದ. ಇಲ್ಲಿಂದ ಮುಂದ ಕೂದಲೆಳಿಯಷ್ಟ."

ತಿರುಗಿಸಿದೆ. ಅವರು ಹಗ್ಗ ಎಳೆದರು, ಮೂರನೆಯದಕ್ಕೆ ಎದ್ದಿತು. ರೇಸ್ ಕೊಟ್ಟರು. ಅಂಗಡಿಯ ತಗಡು ನಡುಗಿತು, ಮಷಿನ್ ನಿಲ್ಲಲಿಲ್ಲ. ರೇಸ್ ಬಿಟ್ಟರೆ ಸಣ್ಣಗೆ ಗುರುಗುಡುತ್ತ ನಿಂತುಕೊಂಡಿತು.

"ಇನ್ನ ಮ್ಯಾಲ ಮೊದಲ ಪೆಟ್ರೋಲ್ ನೋಡ್ರಿ, ಆಮ್ಯಾಲ ಪ್ಲಗ್, ಆಮ್ಯಾಲ ಗಾಳಿ. ಎಲ್ಲಾ ನೋಡಿ ಏನೂ ತಿಳೀಲಿಲ್ಲ ಅಂದರ ಸ್ಕ್ರೂ," ಅಂದರು. ಬೆಳಿಗ್ಗೆ ನಾನು ಮಾಡಿದ್ದು ಸರಿಯಾಗಿ ಅದರ ತಿರುವುಮುರುವು.

ತಿರುಗಿ ಬಂದಾಗ ಹೊತ್ತು ಮುಳುಗಲು ಒಂದೂವರೆ ತಾಸು ಉಳಿದಿತ್ತು. ಅತ್ತೆ ಮರದ ಹತ್ತಿರವೇ ಕೂತಿದ್ದರು. ಏನಾಗಿತ್ತು ಎಂದು ಕೇಳಿದರು. ಆಮ್ಯಾಲ ಹೇಳ್ತೀನ್ರಿ ಅಂದೆ. ಬಚ್ಚಲ ಅರಿವೆಯ ಸುದ್ದಿ ಆಗಲೇ ಎತ್ತಿದ್ದರೆ ಅತ್ತೆಯ ಬೈಗುಳದಲ್ಲೇ ಹೊತ್ತು ಮುಳುಗಿ ಮರ ಅಲ್ಲಿಗೇ ಉಳಿಯುತ್ತಿತ್ತು.

ಮಷಿನ್ ಓಡಿತು. ಓಡಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ, ಅದೂ ನನ್ನ ತಪ್ಪು. ಬೊಡ್ಡೆಯ ತಳ ಕೊಯ್ಯುವಾಗ ಚೈನು ಮಣ್ಣಿಗೆ ತಾಗಿತು. ಒಂದೇ ಒಂದು ಸಲ. ಅಷ್ಟಕ್ಕೇ ಹಲ್ಲು ಮೊಂಡಾಗಿ, ಹೊಟ್ಟು ಹಾರುವುದು ಬಿಟ್ಟು ಬರೀ ಹಿಟ್ಟು ಉದುರತೊಡಗಿತು. ಒಣ ಜಾಲಿ ಕಬ್ಬಿಣಕ್ಕಿಂತ ಹಟಮಾರಿ. ಹೊಗೆ ಬಂತು. ಕಣ್ಣಲ್ಲಿ ನೀರು ಬಂತು. ಒಂದು ಕಡೆ ಕೊಯ್ದು, ಒಂದೂವರೆ ಮಾರು ಬಿಟ್ಟು ಇನ್ನೊಂದು ಕಡೆ ಕೊಯ್ಯುವಷ್ಟರಲ್ಲಿ ಕೈ ಮರಗಟ್ಟಿ ರೇಸ್ ಹಿಡಿದ ಬೆರಳು ಬಿಚ್ಚಲು ಬರಲಿಲ್ಲ. ಸಂದನ್ನು ಇನ್ನೂ ಎರಡು ಕೈಯಗಲ ಹಿಗ್ಗಿಸಿದ್ದರೆ ಒಳ್ಳೆಯದಿತ್ತು. ನನಗೆ ಆಗಲಿಲ್ಲ. ಮನೆಯ ಖಾಲಿ ಗಾಡಿಯ ನೊಗ ಹಿಡಿದು ಅಳತೆ ನೋಡಿದೆ. ಸಾಲುತ್ತದೆ ಅನ್ನಿಸಿತು.

ಮೈದುನ ಹೊತ್ತು ಮುಳುಗುವಾಗ ಬಂದ. ಮುಕಾದಮನ ಹತ್ತಿರ ಹೋಗುವ ತಯಾರಿಯಲ್ಲೇ ಬಂದಿದ್ದ, ತಲೆಗೆ ರುಮಾಲು ಸುತ್ತಿದ್ದ. ತುಂಡಾಗಿ ಬಿದ್ದಿದ್ದ ಬೊಡ್ಡೆ ನೋಡಿದ, ನನ್ನನ್ನು ನೋಡಿದ, ರುಮಾಲು ಬಿಚ್ಚಿದ.

"ಹಾರಿ ಎಲ್ಲೈತಿ ಯವ್ವಾ?" ಎಂದು ತನ್ನ ತಾಯಿಯನ್ನು ಕೇಳಿದ.

ಹಾರೆ ಹಾಕಿ ಅವನು, ಕೈಯಿಂದ ನಾನು, ಕೋಲಿನಿಂದ ಅತ್ತೆ, ಮೂವರೂ ಸೇರಿ ಆ ತುಂಡನ್ನು ಒಡ್ಡಿನ ಕಡೆಗೆ ಉರುಳಿಸಿದೆವು. ಅವನು ಮುಕಾದಮನ ಹತ್ತಿರ ಹೋಗಲಿಲ್ಲ, ನೆಟ್ಟಗೆ ಮನೆಗೆ ಹೋದ. ನಾವು ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು, ಇನ್ನು ಉಣ್ಣುವ ಹಾಗಿರಲಿಲ್ಲ. ಅತ್ತೆಯ ತಾಟೂ ಮುಚ್ಚಿಯೇ ಇತ್ತು.

"ನೀವರ ಉಣಬೇಕಾಗಿತ್ತಲ್ರಿ," ಅಂದೆ.

"ನೀ ಅಲ್ಲಿ ಗುದ್ಯಾಡಾಕತ್ತೀ, ನಾ ಇಲ್ಲಿ ರೊಟ್ಟಿ ಮುರೀಲೇನ? ಮಕ್ಕೊ, ಸುಮ್ಮ."

ಗ್ಯಾಂಗ್ ಬೆಳಕು ಹರಿಯುವಾಗಲೇ ಬಂತು. ಟಾಯರ್ ಗಾಡಿಗಳು, ಎತ್ತು, ಕತ್ತಿ, ಅಡಿಗೆಯ ಪಾತ್ರೆ, ಹೆಂಗಸರು, ಗಂಡಸರು, ಮೂವತ್ತು ನಲವತ್ತು ಜನ. ಮುಕಾದಮ ಇಳಿದು ಬಂದು ಕೊಯ್ದ ಜಾಗವನ್ನು ಹೆಜ್ಜೆ ಹಾಕಿ ಅಳೆದ.

"ಜಾಈಲ ಕೀ," ಅಂದ ಮರಾಠಿಯಲ್ಲಿ. ಹೋಗುತ್ತದೆ ಎಂದು. ಗಾಡಿಗಳು ಒಂದೊಂದಾಗಿ ಒಳಗೆ ಹೋದವು. ನಾನು ಬಾಗಿಲ ಸಂದಿಯಿಂದ ನೋಡಿ ಉಸಿರು ಬಿಟ್ಟೆ.

ಹತ್ತು ಗಂಟೆಯ ಸುಮಾರಿಗೆ ಮೊದಲ ಗಾಡಿ ಕಬ್ಬು ಹೇರಿಕೊಂಡು ತಿರುಗಿ ಬಂತು. ಬಂದು ನಿಂತಿತು. ಖಾಲಿ ಗಾಡಿಯ ಅಗಲ ಬೇರೆ, ಹೇರಿದ ಗಾಡಿಯ ಅಗಲ ಬೇರೆ. ಕಬ್ಬು ಎರಡೂ ಬದಿಗೆ ಹೊಟ್ಟೆ ಬಿಟ್ಟುಕೊಂಡಿರುತ್ತದೆ. ಹುಟ್ಟಿದಾಗಿನಿಂದ ಕಬ್ಬಿನ ಗಾಡಿ ನೋಡಿದವಳು, ಅಳತೆ ಹಿಡಿಯುವಾಗ ಅಷ್ಟು ಮರೆತಿದ್ದೆ. ಎರಡು ಕೈಯಗಲ ಕಡಿಮೆ ಬಿತ್ತು. ಹಿಂದೆ ಇನ್ನೆರಡು ಗಾಡಿ ಬಂದು ನಿಂತವು. ಎತ್ತುಗಳು ನೊಗ ತಿಕ್ಕಿದವು. ಗಾಡಿಯವನು ಮುಕಾದಮನನ್ನು ಬೈದ, ಮುಕಾದಮ ಮನೆಯ ಕಡೆ ತಿರುಗಿ ಕೂಗಿದ.

"ಓ ಬಾಯೀ! ಈ ಮರ ಕೊಯ್ದಾಂವ ಯಾಂವ? ಕರೀರಿ ಅವನ್ನ! ಇಲ್ಲಂದರ ಗ್ಯಾಂಗ್ ಎಬ್ಬಸ್ತೀನಿ!"

ಅತ್ತೆ ನನ್ನ ಕಡೆ ನೋಡಿದರು. ನಾನು ಮಷಿನ್ ಎತ್ತಿಕೊಂಡು ಹೊರಗೆ ಬಂದೆ. ಅಷ್ಟು ಜನರ ಕಣ್ಣು ನನ್ನ ಮೇಲೆ ಬಿತ್ತು. ಕಬ್ಬು ಕಡಿಯುತ್ತಿದ್ದ ಹೆಂಗಸರೂ ಕತ್ತಿ ಹಿಡಿದುಕೊಂಡೇ ಬಂದು ನಿಂತರು. ಟಾಕಿಯ ಮುಚ್ಚಳ ತೆಗೆದು, ಬೆಳಕಿಗೆ ವಾಲಿಸಿ ನೋಡಿದೆ. ನೀರಿರಲಿಲ್ಲ. ಹಗ್ಗ ಎಳೆದೆ. ಏಳಲಿಲ್ಲ. ಎರಡನೆಯದಕ್ಕೂ ಏಳಲಿಲ್ಲ. ಯಾರೋ ಏನೋ ಅಂದರು, ಯಾರೋ ನಕ್ಕರು. ಸ್ಕ್ರೂ ಕಡೆಗೆ ನನ್ನ ಕೈ ತಾನಾಗಿ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ನಾಲ್ಕನೆಯ ಎಳೆತಕ್ಕೆ ಎದ್ದಿತು.

ಮೊಂಡು ಹಲ್ಲಿನಲ್ಲಿ ಎರಡು ಕೈಯಗಲ ಕೊಯ್ಯಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ತಲೆ ಎತ್ತಲೇ ಇಲ್ಲ ನಾನು. ತುಂಡು ಕಳಚಿ ಬಿದ್ದಾಗ ನಾಲ್ಕು ಗಂಡಸರು ಓಡಿ ಬಂದು ಅದನ್ನು ಬದಿಗೆ ಎಳೆದರು. ಮೊದಲ ಗಾಡಿ ಹೊರಟಿತು. ಕಬ್ಬಿನ ಎಲೆ ಎರಡೂ ಬದಿ ತಾಗುತ್ತ, ಗಾಲಿ ಬೊಡ್ಡೆಯ ತೊಗಟೆ ಕೆರೆಯುತ್ತ ದಾಟಿತು. ಎರಡನೆಯದು ದಾಟಿತು.

ಮುಕಾದಮ ನನ್ನ ಹತ್ತಿರ ಬಂದು ಕಿವಿಯ ಬಳಿ ಕೈ ಆಡಿಸಿ ಕೂಗಿದ, "ಬಾಯೀ, ಇನ್ನ ಬಂದ್ ಮಾಡ್ರಿ ಅದನ್ನ! ಎತ್ತ ಬೆದರತಾವು!"

ನಾನು ತಲೆ ಅಲ್ಲಾಡಿಸಿದೆ, ಇಲ್ಲ ಎಂದು. ಮಷಿನನ್ನು ನೆಲಕ್ಕೆ ಊರಿ, ಸಣ್ಣಗೆ ಗುರುಗುಡಲು ಬಿಟ್ಟು, ಮೂರನೆಯ ಗಾಡಿ ರಸ್ತೆ ಮುಟ್ಟುವ ತನಕ ಹಾಗೇ ಹಿಡಿದು ನಿಂತೆ. ಒಮ್ಮೆ ನಿಲ್ಲಿಸಿದರೆ ಮತ್ತೆ ಏಳುತ್ತದೆ ಎಂದು ಯಾರು ಹೇಳಬೇಕು.